ಎಂಟು ದಿನದ ಡಿಸ್ಕು

ಸೊಲ್ಲಾಪುರದ ಅಂಗಡಿಯವ ಹೇಳಿದ್ದಿಷ್ಟು:
ಎಂಟು ದಿನದೊಳಗೆ ತಂದರೆ ಅರ್ಧ ದುಡ್ಡು ವಾಪಸ್,
ಗೀರು ಬಿದ್ದಿದ್ದರೆ ಅದೂ ಇಲ್ಲ.
ಅದಕ್ಕೇ ಅಣ್ಣ ಉದ್ರಿ ವಹಿ ನನ್ನ ಕೈಗಿಟ್ಟು
"ಹಿಂದಿನ ಹಾಳ್ಯಾಗ ಬರಿ, ಯಾರ್ಯಾರು ಏನೇನಂತಾರ"
ಎಂದು ಬೀಮು ಸುತ್ತಲು ಹೋದ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಗೇಮಿನಂಗಡಿಯೆಂದರೆ
ನೂಲಿನ ಗೋದಾಮಾಗಿದ್ದ ಹತ್ತು ಬೈ ಹನ್ನೆರಡು,
ಎರಡು ಟೀವಿ, ನಾಲ್ಕು ಕಂಟ್ರೋಲರು,
ಅದರಲ್ಲೊಂದರ ಚೌಕದ ಗುಂಡಿ
ಒತ್ತಿದರೆ ಒಳಗೇ ಉಳಿಯುತ್ತದೆ.
ಕಾಲು ತಾಸಿಗೆ ಹತ್ತು ರೂಪಾಯಿ.
ಗೋಡೆಯಾಚೆ ಹನ್ನೆರಡು ಮಗ್ಗ. ಇಲ್ಲಿ ಯಾರೂ
ಮೆಲ್ಲಗೆ ಮಾತಾಡಿ ಬೆಳೆದವರಲ್ಲ.

ಮೊದಲ ದಿನ ರಸ್ತೆಯ ತನಕ ಚಪ್ಪಲಿ.
ಮೂರು ವರ್ಷ ಒಂದೇ ಮೊಬೈಲಿಗೆ ಆರು ತಲೆ ಹಚ್ಚಿ
ಆ ಜಪಾನಿ ಕಥೆ ನೋಡಿದವರು:
ಒಂಟಿ ಕೈಯ ಹುಡುಗ, ಉರಿಯುವ ಕತ್ತಿ,
ಊರನ್ನೇ ನುಂಗಿದ ಅವನ ಅಣ್ಣ.
ಭಾಷೆ ಬಾರದು, ಕೆಳಗಿನ ಇಂಗ್ಲಿಷ್ ಸಾಲು ನಿಲ್ಲದು,
ಆದರೂ ಯಾರು ಯಾರನ್ನು ಯಾಕೆ ಹೊಡೆದರೆಂಬುದು
ಮನೆಯ ಜಗಳದಷ್ಟು ಗೊತ್ತು.

ಬರೆದುಕೊಂಡೆ.
ತೌಸೀಫ್: "ಬಣ್ಣ ಒಂದ್ ನಂಬರ್.
ಬೆಂಕಿ ನೋಡಿದ್ರ ಕಣ್ಣ ಬೆಚ್ಚಗಾಗ್ತಾವ."
ದುಂಡೇಶ: "ಮೂವತ್ತು ಮಂದಿ ಅದಾರಂತ ಡಬ್ಬಿ ಮ್ಯಾಲ.
ಇಪ್ಪತ್ತು ಮಂದಿ ಒಂದೇ ಒದಿ ಒದಿತಾರ. ಮುಖ ಅಷ್ಟ ಬ್ಯಾರೆ."
ಸಣ್ಣ ಗುರುಪಾದ: "ಅಕ್ಕಾ, ಸುಮ್ನ ಎಲ್ಲಾ ಗುಂಡಿ ಒತ್ತಿದೆ, ಗೆದ್ದೆ."
ಹೊಗಳಿಕೆಯೋ ತೆಗಳಿಕೆಯೋ, ಕೇಳಿದೆ.
ಅವನಿಗೂ ಗೊತ್ತಿರಲಿಲ್ಲ.

ಪ್ರಭುಲಿಂಗ ಮಾತ್ರ ಕಂಟ್ರೋಲರು ನೆಲಕ್ಕಿಟ್ಟ.
"ಕತಿಯಾಗ ಅಂವಾ ಆ ಕೈ ಎತ್ತಬೇಕಾದ್ರ
ಹನ್ನೊಂದು ಭಾಗ ಹಿಡೀತು ಅಕ್ಕಾ.
ಇಲ್ಲಿ ತ್ರಿಕೋನ ಒತ್ತಿದ್ರ ಎತ್ತತಾನ.
ತಾಸಿಗೆ ನಲವತ್ತು ಸಲ."
ಥೂ ಎಂದು ಎದ್ದು ಹೋದ.
ಸಂಜೆ ಮತ್ತೆ ಬಂದ. ಮರುದಿನ ಎರಡು ಸಲ.
ವಹಿಯ ಮುಂದಿನ ಹಾಳೆಯಲ್ಲಿ ಅವನ ಉದ್ರಿ ನೂರಾ ಹತ್ತು,
ಹಿಂದಿನ ಹಾಳೆಯಲ್ಲಿ "ಹೊಲಸು ಗೇಮು" ನಾಲ್ಕು ಸಲ.

ಐದನೆಯ ದಿನ ತೌಸೀಫನ ಅಪ್ಪ
ಮಗನ ಕಿವಿ ಹುಡುಕುತ್ತ ಬಂದರು.
ಸಿಕ್ಕ ಕಿವಿ ಬಿಡದೆಯೇ
ಪೂರ್ತಿ ಒಂದು ಪಂದ್ಯ ನಿಂತು ನೋಡಿದರು.
ವಯಸ್ಸಿನಲ್ಲಿ ಅಖಾಡದ ಕೆಮ್ಮಣ್ಣಿನಲ್ಲಿ ಹೊರಳಿದ ಮೈ.
"ಹೊಡ್ತ ಜೋರದಾವ," ಅಂದರು,
"ಕಾಲ ನೆಲಕ್ಕ ಹತ್ತವಲ್ಲವು.
ಬಿದ್ದವನ ತೂಕ ಎಲ್ಲಿ ಹೋತು?"
ಬರೆದು, ಕೆಳಗೆ ಗೆರೆ ಎಳೆದೆ.

ಎಂಟನೆಯ ದಿನ, ಅಣ್ಣ ಬಸ್ಸಿಗೆ ಹೊರಡುವ ಮೊದಲು
ಕರೆಂಟು ಹೋಯಿತು.
ಮಗ್ಗಗಳೆಲ್ಲ ಒಟ್ಟಿಗೇ ಬಾಯಿ ಮುಚ್ಚಿದರೆ
ಈ ಊರಿನ ಕಿವಿಗೆ ಒಂದು ಗಳಿಗೆ
ಏನು ಮಾಡಬೇಕೋ ತಿಳಿಯುವುದಿಲ್ಲ.
ಕತ್ತಲಲ್ಲಿ ಪ್ರಭುಲಿಂಗ
ಆ ಹನ್ನೊಂದನೆಯ ಭಾಗ ಹೇಳತೊಡಗಿದ.
ದುಂಡೇಶ ಗಾಳಿಯಾದ. ಗುರುಪಾದ ಉರುಳುವ ಕಲ್ಲಾದ.
ತೌಸೀಫ್ ಊರು ನುಂಗಿದವನಾಗಿ ಬಾಗಿಲಿಗೆ ಒರಗಿ
ಬಹಳ ಹೊತ್ತು ಏನೂ ಅನ್ನಲಿಲ್ಲ.
ಕಥೆಯಲ್ಲೂ ಅವನು ಅನ್ನುವುದಿಲ್ಲವಂತೆ.
ಪ್ರಭುಲಿಂಗನ ಕೈ ಏಳುತ್ತಿತ್ತು. ಕಾಣಲಿಲ್ಲ ನನಗೆ,
ಅಂಗಿಯ ತೋಳಿನ ಸದ್ದು ಕೇಳಿಸಿತು,
ನೀರು ತುಂಬಿದ ಕೊಡ ಎತ್ತುವವರ ಉಸಿರು.

ಕರೆಂಟು ಬಂತು. ಹನ್ನೆರಡೂ ಮಗ್ಗ ಒಮ್ಮೆಲೇ ಖಟಖಟ.
ಅರ್ಧಕ್ಕೆ ನಿಂತ ಕೈಯಿಂದ
ಅವನು ತಲೆ ಕೆರೆದುಕೊಂಡ.

ಡಿಸ್ಕು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.
ಕೂದಲೆಳೆಯಷ್ಟು ಗೀರು, ನಡುವಿನಿಂದ ಅಂಚಿನವರೆಗೆ.
ಯಾರ ಉಗುರೆಂದು ಕೇಳಲಿಲ್ಲ.
"ಏನ್ ಬರದಿ?" ಎಂದ ಅಣ್ಣ, ಚೀಲ ಹೆಗಲಿಗೇರಿಸುತ್ತ.
"ಕಾಲ ನೆಲಕ್ಕ ಹತ್ತೂದಿಲ್ಲಂತ."
"ಅಂದ್ರ ವಾಪಸ್?"
ಹಿಂದೆ ಹುಡುಗರು ಆಗಲೇ ಜಗಳಕ್ಕಿಳಿದಿದ್ದರು,
ಗುಂಡಿ ಸಿಕ್ಕಿಕೊಳ್ಳುವುದು ಈ ಸಲ ಯಾರ ಪಾಲಿಗೆಂದು.